ಘಟಶ್ರಾದ್ಧ: ಬೇಡವಾದ ಬಸಿರು, ಕಥೆಯಲ್ಲೂ ಕಾನೂನಿನಲ್ಲೂ

‘ಘಟಶ್ರಾದ್ಧ’ ಯು.ಆರ್. ಅನಂತಮೂರ್ತಿಯವರ ಕಥೆ; ಗಿರೀಶ್ ಕಾಸರವಳ್ಳಿ 1977ರಲ್ಲಿ ಇದನ್ನು ತಮ್ಮ ಮೊದಲ ಚಲನಚಿತ್ರವಾಗಿಸಿ ಸ್ವರ್ಣಕಮಲ ಪಡೆದರು. ವೇದಪಾಠಶಾಲೆ ನಡೆಸುವ ಉಡುಪರ ಮಗಳು ಯಮುನಾ, ಎಳೆಯ ವಿಧವೆ, ಶಾಲಾ ಮೇಷ್ಟರಿಂದ ಬಸಿರಾಗುತ್ತಾಳೆ. ಕದ್ದುಮುಚ್ಚಿ ಗರ್ಭ ತೆಗೆಸಿಕೊಂಡರೂ ಬಹಿಷ್ಕಾರ ತಪ್ಪುವುದಿಲ್ಲ: ಬದುಕಿರುವ ಮಗಳಿಗೆ ತಂದೆಯೇ ಮಡಕೆ ಒಡೆದು ಶ್ರಾದ್ಧ ಮಾಡುತ್ತಾನೆ. ಇದನ್ನೆಲ್ಲ ನಾವು ಕಾಣುವುದು ನಾಣಿ ಎಂಬ ಹುಡುಗನ ಕಣ್ಣಿನಿಂದ; ದೊಡ್ಡವರ ಕ್ರೌರ್ಯ ಇನ್ನಷ್ಟು ಚುಚ್ಚುವುದು ಅದರಿಂದಲೇ.

ಮೇಷ್ಟರಿಗೆ ಅಂಥ ಶಿಕ್ಷೆಯಿಲ್ಲ.

ಕಥೆಯಿಂದ ಕಾನೂನಿಗೆ ಬಂದರೆ, ಭಾರತದಲ್ಲಿ ಸುರಕ್ಷಿತ ಗರ್ಭಪಾತಕ್ಕೆ 1971ರ ಕಾಯ್ದೆ ದಾರಿ ತೆರೆಯಿತು. ಆದರೆ ಗರ್ಭನಿರೋಧಕ ವಿಫಲವಾಯಿತೆಂಬ ಕಾರಣ ವಿವಾಹಿತೆಯರಿಗಷ್ಟೇ ಅನ್ವಯಿಸುತ್ತಿತ್ತು. ಯಮುನೆಯಂಥವರಿಗೆ ಆ ಬಾಗಿಲು ಮುಚ್ಚಿತ್ತು. ಅನ್ಯಾಯದ ಈ ಭೇದವನ್ನು 2021ರ ತಿದ್ದುಪಡಿ ಅಳಿಸಿತು. ಸಮ್ಮತಿಯ ಸಂಬಂಧದಿಂದ ಗರ್ಭ ಧರಿಸಿದ ಅವಿವಾಹಿತೆಯರಿಗೂ 24 ವಾರಗಳವರೆಗಿನ ಅವಕಾಶ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪಿತ್ತಿತು.