ಬಲಗೈಯ ಗೇರು ಮತ್ತು ರಥ ಬಿಟ್ಟ ಸಾರಥಿಗಳು

ಸಾರಥಿ ರಥವನ್ನು ಬಿಟ್ಟು ಇಳಿದುಹೋದ ಕಥೆ ಕನ್ನಡಿಗರಾದ ನಮಗೆ ಹೊಸದಲ್ಲ. ತನ್ನ ಮಾತು ನಡೆಯಲಿಲ್ಲವೆಂದು ಶಲ್ಯ ಕರ್ಣನ ರಥದಿಂದ ಇಳಿದು ನಡೆಯುವುದನ್ನು ಕುಮಾರವ್ಯಾಸನ ಭಾರತದಲ್ಲಿ ಕೇಳಿದ್ದೇವೆ, ಯಕ್ಷಗಾನದಲ್ಲಿ ನೋಡಿದ್ದೇವೆ. ಮೋಟಾರು ಪಂದ್ಯಗಳ ಚರಿತ್ರೆಯಲ್ಲೂ ಇಂಥ ನಿರ್ಗಮನಗಳು ಹೇರಳವಾಗಿವೆ. ಆದರೆ 1989ರಿಂದ 1993ರವರೆಗಿನ ಐದು ವರ್ಷಗಳಲ್ಲಿ ಒಂದು ವಿಶೇಷ ನಡೆಯಿತು. ದೊಡ್ಡ ಚಾಲಕರೆಲ್ಲರೂ ಒಬ್ಬರ ಹಿಂದೊಬ್ಬರು ತಂಡ ಬದಲಾಯಿಸಿದರು. ಅದೇ ಕಾಲದಲ್ಲಿ ಅವರ ಬಲಗೈಯಲ್ಲಿದ್ದ ಗೇರಿನ ಸನ್ನೆಯೂ ಕಣ್ಮರೆಯಾಯಿತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮನುಷ್ಯನಿಗೂ ಯಂತ್ರಕ್ಕೂ ಇರುವ ಸಂಬಂಧದ ಬಗ್ಗೆ ಕೆಲವು ಮಾತು ಹೊಳೆಯುತ್ತವೆ.

ಹಳೆಯ ಕಾರಿನಲ್ಲಿ ಗೇರು ಬದಲಾಯಿಸುವುದು ಎಂಥ ಕೆಲಸವೆಂಬುದನ್ನು ಮೊದಲು ಹೇಳಬೇಕು. ತಿರುವು ಹತ್ತಿರವಾದಂತೆ ಚಾಲಕ ಬಲಗಾಲಿನ ಮುಂಭಾಗದಿಂದ ಬ್ರೇಕು ಒತ್ತಬೇಕು. ಅದೇ ಪಾದದ ಅಂಚಿನಿಂದ ಆಕ್ಸಿಲರೇಟರನ್ನು ಒಮ್ಮೆ ತಟ್ಟಿ ಇಂಜಿನಿನ ವೇಗವನ್ನು ಏರಿಸಬೇಕು. ಎಡಗಾಲಿನಿಂದ ಕ್ಲಚ್ಚು ಒತ್ತಬೇಕು. ಬಲಗೈಯಿಂದ ಸನ್ನೆಯನ್ನು ಸರಿಯಾದ ಗಾಡಿಗೆ ತಳ್ಳಬೇಕು. ಇಷ್ಟು ಹೊತ್ತೂ ಕಾರನ್ನು ಹಿಡಿದಿಟ್ಟಿರುವುದು ಎಡಗೈ ಒಂದೇ. ನಾಲ್ಕನೆಯ ಗೇರಿಗೆ ಹೋಗಬೇಕಾದ ಕೈ ಅವಸರದಲ್ಲಿ ಎರಡನೆಯದಕ್ಕೆ ಹೋಯಿತೆಂದರೆ ಇಂಜಿನು ಮಿತಿಮೀರಿ ತಿರುಗಿ ಒಡೆಯುತ್ತದೆ. ಹಾಗಾದಾಗ ತಪ್ಪು ಚಾಲಕನದೋ ಕಾರನ್ನು ಕಟ್ಟಿದವರದೋ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಸಂಶಯಕ್ಕೆ ಎಡೆಯಿರುವಲ್ಲಿ ಮನಸ್ತಾಪಕ್ಕೂ ಎಡೆಯಿರುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇತ್ತು. ಗೇರಿನ ಹಲ್ಲುಗಳು ಹೇಗೆ ಕೂಡುತ್ತಿವೆ, ಯಾವುದು ಸವೆದಿದೆ ಎಂಬುದು ಅಂಗೈಗೆ ತಿಳಿಯುತ್ತಿತ್ತು. ನೋವಾದ ಕಾರನ್ನು ಸಮಾಧಾನಪಡಿಸಿಕೊಂಡು ಗುರಿ ಮುಟ್ಟಿಸುವುದು ಚಾಲಕನ ವಿದ್ಯೆಯ ಒಂದು ಭಾಗವೇ ಆಗಿತ್ತು.

ಅರ್ಜೆಂಟೀನಾದ ಹುವಾನ್ ಮ್ಯಾನುವೆಲ್ ಫಾಂಜಿಯೊ ಈ ವಿದ್ಯೆಯಲ್ಲಿ ನಿಪುಣರು. 1951ರಿಂದ 1957ರೊಳಗೆ ಐದು ಸಲ ವಿಶ್ವ ಚಾಂಪಿಯನ್ ಆದ ಅವರು ಗೆದ್ದದ್ದು ನಾಲ್ಕು ತಯಾರಕರ ಕಾರುಗಳಲ್ಲಿ: ಆಲ್ಫಾ ರೋಮಿಯೊ, ಮಾಸೆರಾಟಿ, ಮರ್ಸಿಡಿಸ್, ಫೆರಾರಿ. 1955ರ ಕೊನೆಗೆ ಮರ್ಸಿಡಿಸ್ ಸ್ಪರ್ಧೆಯಿಂದ ಹಿಂದೆ ಸರಿದಾಗ ಅವರು ಫೆರಾರಿ ಸೇರಿದರು. ಅಲ್ಲಿ ಚಾಂಪಿಯನ್ ಆಗಿಯೂ ಒಂದೇ ವರ್ಷಕ್ಕೆ ಬಿಟ್ಟು ಮತ್ತೆ ಮಾಸೆರಾಟಿಗೆ ಬಂದರು. 1957ರ ಆಗಸ್ಟಿನಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗಿನಲ್ಲಿ ಹಿಂದೆ ಬಿದ್ದ ಅವರು, ಹಲವು ತಿರುವುಗಳನ್ನು ವಾಡಿಕೆಗಿಂತ ಒಂದು ಗೇರು ಮೇಲೆಯೇ ಇಟ್ಟುಕೊಂಡು ದಾಟಿ, ಮುಂದಿದ್ದ ಇಬ್ಬರನ್ನೂ ಹಿಂದೆ ಹಾಕಿದರು. ಆ ಇಬ್ಬರು, ಹಾಥಾರ್ನ್ ಮತ್ತು ಕಾಲಿನ್ಸ್, ಓಡಿಸುತ್ತಿದ್ದದ್ದು ಫಾಂಜಿಯೊ ಬಿಟ್ಟು ಬಂದ ಫೆರಾರಿ ಕಾರುಗಳನ್ನೇ. ತಂಡ ಬಿಡುವಾಗ ಚಾಲಕ ತನ್ನ ಕೈಯ ವಿದ್ಯೆಯನ್ನು ಜೊತೆಗೇ ಒಯ್ಯುತ್ತಿದ್ದನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಕೈವಿದ್ಯೆಗೆ ಮುಕ್ತಾಯ ಹಾಡಿದವರು ಜಾನ್ ಬರ್ನಾರ್ಡ್ ಎಂಬ ಇಂಗ್ಲಿಷ್ ಎಂಜಿನಿಯರು. ಮೆಕ್‌ಲಾರೆನ್ ತಂಡ ಬಿಟ್ಟು ಫೆರಾರಿಗೆ ಹೋದ ಅವರು ಇಟಲಿಯಲ್ಲಿ ನೆಲೆಸಲೊಪ್ಪದೆ ಇಂಗ್ಲೆಂಡಿನ ಗಿಲ್ಡ್‌ಫರ್ಡಿನಲ್ಲೇ ಕೂತು ವಿನ್ಯಾಸ ಮಾಡಿದರು. ಚಾಲಕನ ಪಕ್ಕದ ಸನ್ನೆಯನ್ನೂ ಅದರಿಂದ ಹಿಂದಕ್ಕೆ ಹೋಗುವ ಸರಳನ್ನೂ ತೆಗೆದರೆ ಕಾರನ್ನು ಇನ್ನಷ್ಟು ಕಿರಿದು ಮಾಡಬಹುದೆಂಬುದು ಅವರ ಎಣಿಕೆ. ಸ್ಟಿಯರಿಂಗ್ ಚಕ್ರದ ಹಿಂದೆ ಎರಡು ಸಣ್ಣ ಪಟ್ಟಿಗಳನ್ನು ಇಟ್ಟರು. ಬಲಗಡೆಯದನ್ನು ಎಳೆದರೆ ಮೇಲಿನ ಗೇರು, ಎಡಗಡೆಯದನ್ನು ಎಳೆದರೆ ಕೆಳಗಿನ ಗೇರು. ವಿದ್ಯುನ್ಮಾನ ಆಜ್ಞೆ ಕೊಡುತ್ತದೆ, ಒತ್ತಡದ ಎಣ್ಣೆ ಕೆಲಸ ಮಾಡುತ್ತದೆ. ಕ್ಲಚ್ಚಿನ ಪೆಡಲು ಬೇಕಾದದ್ದು ಹೊರಡುವಾಗ ಮಾತ್ರ.

ಫೆರಾರಿ 640 ಎಂಬ ಆ ಕಾರು 1989ರ ಮಾರ್ಚ್ 26ರಂದು ಬ್ರೆಜಿಲಿನ ರಿಯೊದಲ್ಲಿ ಮೊದಲ ಪಂದ್ಯಕ್ಕಿಳಿಯಿತು. ಅಭ್ಯಾಸದಲ್ಲಿ ಅದು ಮತ್ತೆ ಮತ್ತೆ ಕೆಟ್ಟು ನಿಂತಿತ್ತು. ಆ ವರ್ಷವೇ ತಂಡ ಸೇರಿದ್ದ ನೈಜೆಲ್ ಮ್ಯಾನ್ಸೆಲ್ ಬೇಗ ಊರಿಗೆ ಮರಳಲು ವಿಮಾನದ ಸೀಟು ಗೊತ್ತುಮಾಡಿಕೊಂಡಿದ್ದೆನೆಂದು ಮುಂದೆ ತಾವೇ ಹೇಳಿದರು. ಆದರೆ ಕಾರು ನಿಲ್ಲಲಿಲ್ಲ, ಅವರೇ ಗೆದ್ದರು. ಆ ಋತುವಿನಲ್ಲಿ ಫೆರಾರಿ ಕಾರುಗಳು ಅನೇಕ ಸಲ ಅರ್ಧದಲ್ಲೇ ನಿಂತವು, ಆದರೆ ಗುರಿ ಮುಟ್ಟಿದಾಗಲೆಲ್ಲ ಮೊದಲ ಮೂರರೊಳಗೇ ಮುಟ್ಟಿದವು. ವರ್ಷದ ಕೊನೆಗೆ ಬರ್ನಾರ್ಡ್ ಕೂಡ ಫೆರಾರಿ ಬಿಟ್ಟು ಬೆನೆಟ್ಟನ್ ತಂಡಕ್ಕೆ ಹೊರಟರು.

ಅವರು ಹೋದ ಬಾಗಿಲಿನಿಂದಲೇ ಆಲೆನ್ ಪ್ರಾಸ್ಟ್ ಒಳಗೆ ಬಂದರು. ಮೆಕ್‌ಲಾರೆನ್ನಿನಲ್ಲಿ ಐರ್ಟನ್ ಸೆನ್ನಾ ಜೊತೆಗಿನ ವೈಮನಸ್ಯ ಸಹಿಸಲಾರದೆ ಅವರು ತಂಡ ಬಿಟ್ಟಿದ್ದರು. ಈಗ ಅಸಮಾಧಾನದ ಸರದಿ ಮ್ಯಾನ್ಸೆಲ್ ಅವರದು. ತಂಡ ಪ್ರಾಸ್ಟ್ ಕಡೆಗೇ ವಾಲಿದೆಯೆಂಬ ಭಾವನೆ ಅವರಲ್ಲಿ ಬೆಳೆಯಿತು. 1990ರ ಜುಲೈಯಲ್ಲಿ, ತಮ್ಮ ಜನರೆದುರು ಸಿಲ್ವರ್‌ಸ್ಟೋನಿನಲ್ಲಿ, ಗೇರುಪೆಟ್ಟಿಗೆ ಕೈಕೊಟ್ಟು ಅವರ ಕಾರು ನಿಂತಿತು; ಗೆದ್ದವರು ಪ್ರಾಸ್ಟ್. ಮ್ಯಾನ್ಸೆಲ್ ಕೈಗವಸುಗಳನ್ನು ಜನರತ್ತ ಎಸೆದು, ವರ್ಷದ ಕೊನೆಗೆ ನಿವೃತ್ತನಾಗುತ್ತೇನೆಂದು ಸಾರಿಬಿಟ್ಟರು. ಕೆಲವೇ ತಿಂಗಳಲ್ಲಿ ಮನಸ್ಸು ಬದಲಾಯಿಸಿ ವಿಲಿಯಮ್ಸ್ ತಂಡಕ್ಕೆ ಸಹಿ ಹಾಕಿದರು. ಇಲ್ಲಿ ಒಂದನ್ನು ಗಮನಿಸಬೇಕು. ಕೈಯ ತಪ್ಪಿಗೆ ಅವಕಾಶ ಕಡಿಮೆಯಾದರೂ ಸಂಶಯ ಕಡಿಮೆಯಾಗಲಿಲ್ಲ. ಅದು ಚಾಲಕನ ಕೈಯಿಂದ ತಂಡದ ಮನಸ್ಸಿನ ಕಡೆಗೆ ತಿರುಗಿತು, ಅಷ್ಟೆ.

ಹಳೆಯ ಪದ್ಧತಿಗೂ ಹೊಸದಕ್ಕೂ ಮುಖಾಮುಖಿ ನಡೆದದ್ದು 1991ರ ಮಾರ್ಚ್ 24ರಂದು, ಬ್ರೆಜಿಲಿನ ಇಂಟರ್‌ಲಾಗೋಸಿನಲ್ಲಿ. ಸೆನ್ನಾ ಅವರ ಮೆಕ್‌ಲಾರೆನ್ನಿನಲ್ಲಿ ಇನ್ನೂ ಕೈಯ ಸನ್ನೆಯೇ ಇತ್ತು. ಬೆನ್ನಟ್ಟಿದ ಮ್ಯಾನ್ಸೆಲ್ ಅವರ ವಿಲಿಯಮ್ಸಿನಲ್ಲಿ ಹೊಸ ಪದ್ಧತಿ. ಎರಡು ಪೆಟ್ಟಿಗೆಗಳೂ ಕೆಟ್ಟವು. ಮ್ಯಾನ್ಸೆಲ್ ಕಾರು ಗಿರಕಿ ಹೊಡೆದು ನಿಂತಿತು. ಸೆನ್ನಾ ಅವರಿಗೆ ಮೊದಲು ನಾಲ್ಕನೆಯ ಗೇರು ಹೋಯಿತು, ಬಳಿಕ ಒಂದೊಂದಾಗಿ ಉಳಿದವು. ಕೊನೆಯ ಸುತ್ತುಗಳಲ್ಲಿ ಆರನೆಯದೊಂದೇ ಉಳಿದಿತ್ತೆಂದು ಅವರು ಹೇಳಿದರು. ನಿಧಾನದ ತಿರುವಿನಲ್ಲಿ ಆರನೆಯ ಗೇರೆಂದರೆ ಇಂಜಿನು ಯಾವ ಗಳಿಗೆಯಲ್ಲಾದರೂ ಉಸಿರು ಬಿಟ್ಟೀತು. ಮೇಲಾಗಿ ಮಳೆಯೂ ಹನಿಯತೊಡಗಿತು. ಆದರೂ ರಿಕ್ಕಾರ್ಡೊ ಪತ್ರೇಸೆ ಅವರಿಗಿಂತ ಮೂರು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗುರಿ ಮುಟ್ಟಿ, ಸ್ವಂತ ನೆಲದಲ್ಲಿ ಮೊದಲ ಗೆಲುವು ಪಡೆದರು. ಅವರನ್ನು ಕಾರಿನಿಂದ ಇಳಿಸಲು ಬೇರೆಯವರು ಬರಬೇಕಾಯಿತು. ಪಾರಿತೋಷಕವನ್ನು ಎತ್ತಲೂ ತೋಳಿನಲ್ಲಿ ಬಲವಿರಲಿಲ್ಲ.

ಆ ವರ್ಷ ಸೆನ್ನಾ ಚಾಂಪಿಯನ್ ಆದರು. ಕೈಗೇರಿನ ಕಾರಿನಲ್ಲಿ ಆ ಪದವಿ ಪಡೆದ ಕೊನೆಯವರು ಅವರೇ. ಅದೇ ಶರತ್ಕಾಲದಲ್ಲಿ ಪ್ರಾಸ್ಟ್ ತಮ್ಮ ಫೆರಾರಿಯನ್ನು ಲಾರಿಗೆ ಹೋಲಿಸಿ ಮಾತಾಡಿದ್ದಕ್ಕೆ ಕೊನೆಯ ಓಟಕ್ಕೆ ಮುಂಚೆಯೇ ಕೆಲಸ ಕಳೆದುಕೊಂಡರು. 1992ರಲ್ಲಿ ಒಂಬತ್ತು ಓಟ ಗೆದ್ದು ಚಾಂಪಿಯನ್ ಆದ ಮ್ಯಾನ್ಸೆಲ್, ಮುಂದಿನ ವರ್ಷ ಅದೇ ಪ್ರಾಸ್ಟ್ ವಿಲಿಯಮ್ಸಿಗೆ ಬರುತ್ತಾರೆಂದಾಗ, ಒಪ್ಪಂದದ ಮಾತೂ ಮುರಿದು, ತಂಡ ಬಿಟ್ಟು ಅಮೆರಿಕಕ್ಕೆ ಹೋದರು. ಅಲ್ಲಿನ ಇಂಡಿ ಕಾರುಗಳಲ್ಲಿ ಆಗಲೂ ಕೈಯ ಸನ್ನೆಯೇ ಇತ್ತು. ಪಟ್ಟಿ ಎಳೆದು ಮೊಟ್ಟಮೊದಲು ಗೆದ್ದ ಮನುಷ್ಯ 1993ರಲ್ಲಿ ಸನ್ನೆ ಹಿಡಿದು ಅಲ್ಲಿಯೂ ಚಾಂಪಿಯನ್ ಆದರು. ಆ ವರ್ಷದ ಕೊನೆಗೆ ಸೆನ್ನಾ ಮೆಕ್‌ಲಾರೆನ್ ಬಿಟ್ಟು ವಿಲಿಯಮ್ಸ್ ಸೇರಿದರು. 1994ರ ಮೇ 1ರಂದು ಇಮೋಲಾದಲ್ಲಿ ಅಪಘಾತದಲ್ಲಿ ತೀರಿಕೊಂಡರು.

ಹೊಸ ಪದ್ಧತಿಯೇ ಮೇಲೆಂಬುದರಲ್ಲಿ ಸಂದೇಹವಿಲ್ಲ. ಎರಡು ಕೈಗಳೂ ಚಕ್ರದ ಮೇಲಿರುತ್ತವೆ, ಇಂಜಿನು ಉಳಿಯುತ್ತದೆ, ಸಮಯ ಉಳಿಯುತ್ತದೆ. ಹಳೆಯದಕ್ಕಾಗಿ ಹಲುಬುವುದು ನಮ್ಮ ಉದ್ದೇಶವಲ್ಲ. ಆದರೆ ಮುರಿದ ಯಂತ್ರವನ್ನು ಅಂಗೈಯಿಂದ ಅರಿತು ಮನೆ ಮುಟ್ಟಿಸುವ ಅವಕಾಶ ಅದರೊಂದಿಗೆ ಕಡಿಮೆಯಾಯಿತೆಂಬುದನ್ನೂ ಹೇಳಬೇಕು. ತಂಡ ಬಿಡುವುದು ಮಾತ್ರ ನಿಲ್ಲಲಿಲ್ಲ. 2025ರಲ್ಲಿ ಲೂಯಿಸ್ ಹ್ಯಾಮಿಲ್ಟನ್ ಮರ್ಸಿಡಿಸ್ ಬಿಟ್ಟು ಫೆರಾರಿ ಸೇರಿದಾಗಲೂ ಲೋಕ ಅಷ್ಟೇ ಬೆರಗಾಯಿತು. ಸಾರಥಿಯನ್ನು ರಥದಲ್ಲಿ ನಿಲ್ಲಿಸುವುದು ವಿಶ್ವಾಸ. ಅದನ್ನು ಮಾಡಿಕೊಡುವ ಯಂತ್ರವನ್ನು ಯಾವ ಬರ್ನಾರ್ಡನೂ ಕಟ್ಟಿಲ್ಲ.

ಕೊನೆಗೊಂದು ಮಾತು. 1988ರಲ್ಲಿ ಫೆರಾರಿಯ ಹೊಸ ಗೇರುಪೆಟ್ಟಿಗೆಯನ್ನು ಪರೀಕ್ಷೆಗಾಗಿ ಓಡಿಸಿ ಓಡಿಸಿ ಹದಮಾಡಿದವರಲ್ಲಿ ರೊಬೆರ್ಟೊ ಮೊರೆನೊ ಎಂಬ ಬ್ರೆಜಿಲ್ ದೇಶದವರಿದ್ದರು. ಏಳು ವರ್ಷಗಳ ಬಳಿಕ, 1995ರ ಋತು ಇಂಟರ್‌ಲಾಗೋಸಿನಲ್ಲಿ ಆರಂಭವಾದಾಗ, ಕೈಯ ಸನ್ನೆಯುಳ್ಳ ಕಾರು ತಂದಿದ್ದ ತಂಡ ಫೋರ್ಟಿ ಎಂಬ ಬಡ ತಂಡ ಒಂದೇ. ಅದರ ಇಬ್ಬರು ಚಾಲಕರಲ್ಲಿ ಒಬ್ಬರು ಅದೇ ಮೊರೆನೊ. ಹೊಸದಕ್ಕೆ ಬಾಗಿಲು ತೆರೆದ ಕೈಯೇ ಹಳೆಯದನ್ನು ಕಳುಹಿಸಿಕೊಡಲು ನಿಂತಿತ್ತು.