ಹಾಕಿದ್ದನ್ನ ತೆಗೆಯೋಕೆ ಆಗುತ್ತಾ? ಫಿಲ್ಲರ್‌ನ 125 ವರ್ಷದ ಕಥೆ

 

ಹೋದ ತಿಂಗಳು ನಾನು ಮತ್ತೆ ನಮ್ಮ ದೊಡ್ಡಮ್ಮನ ಮಗಳು ಯಳಂದೂರಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ವಿ. ದೇವಸ್ಥಾನದ ಹತ್ತಿರ ಫೋಟೋ ತೆಗೆಯೋಕೆ ಮೊಬೈಲ್ ಎತ್ತಿದೆ. ಅಕ್ಕ ತಕ್ಷಣ ದುಪಟ್ಟಾ ಎಳೆದುಕೊಂಡಳು. "ಎಡಗಡೆ ಬೇಡ ಕಣೆ, ಈ ಕಡೆಯಿಂದ ತೆಗಿ" ಅಂದಳು.

ಎಡಗಡೆ ಮೂಗಿನ ಪಕ್ಕ ಅವಳಿಗೊಂದು ಕಲೆ ಇದೆ. ನಿಶ್ಚಿತಾರ್ಥಕ್ಕೆ ಮುಂಚೆ ಬೆಂಗಳೂರಲ್ಲಿ ಒಂದು ಕಡೆ ಫಿಲ್ಲರ್ ಹಾಕಿಸಿಕೊಂಡಿದ್ದಳು. ಮೂಗಿಂದ ಬಾಯಿಗೆ ಇಳಿಯೋ ಗೆರೆ ಕಾಣಬಾರದು ಅಂತ. ಸೂಜಿ ಹಾಕಿದ ಸ್ವಲ್ಪ ಹೊತ್ತಿಗೇ ಚರ್ಮ ಬಿಳುಚಿಕೊಂಡು, ವಿಪರೀತ ನೋವು ಶುರುವಾಯ್ತು. "ಊತ ಮಾಮೂಲಿ, ಐಸ್ ಇಡಿ" ಅಂತ ಮನೆಗೆ ಕಳಿಸಿದರು. ಎರಡು ದಿನಕ್ಕೆ ಅಲ್ಲಿ ನೇರಳೆ ಬಣ್ಣ, ಆಮೇಲೆ ಕಪ್ಪು. ಕೊನೆಗೆ ಬೇರೆ ಆಸ್ಪತ್ರೆಯ ಚರ್ಮವೈದ್ಯರ ಹತ್ತಿರ ಓಡಿದರೆ, ಅವರು ಕೇಳಿದ ಮೊದಲ ಪ್ರಶ್ನೆ: "ಏನು ಹಾಕಿದ್ದಾರಮ್ಮ?" ಅಕ್ಕನಿಗೆ ಗೊತ್ತಿರಲಿಲ್ಲ.

ನಾನು ಬಿ.ಕಾಂ. ಓದಿದೋಳು, ಡಾಕ್ಟರಲ್ಲ. ಆದರೆ ಆ ಪ್ರಶ್ನೆ ತಲೆಯಲ್ಲೇ ಉಳಿದುಬಿಡ್ತು. ಹಿಂದಕ್ಕೆ ಹೋಗಿ ಓದಿದಾಗ ಗೊತ್ತಾಯ್ತು, ಫಿಲ್ಲರ್‌ನ ಇಡೀ ಇತಿಹಾಸ ಇರೋದೇ ಆ ಒಂದು ಪ್ರಶ್ನೆಯಲ್ಲಿ.

1899ರಲ್ಲಿ ವಿಯೆನ್ನಾದ ಸರ್ಜನ್ ರಾಬರ್ಟ್ ಗೆರ್ಸುನಿ ದೇಹದೊಳಗೆ ವ್ಯಾಸಲೀನ್ ಥರದ ಪ್ಯಾರಫಿನ್ ಚುಚ್ಚಿ, ಖಾಲಿ ಜಾಗ ತುಂಬಿಸಿದ. ಕೆಲವೇ ವರ್ಷದಲ್ಲಿ ಅದು ಸೌಂದರ್ಯದ ಫ್ಯಾಷನ್ ಆಯ್ತು. ಗ್ಲಾಡಿಸ್ ಡೀಕನ್ ಅಂತ ಆ ಕಾಲದ ಹೆಸರಾಂತ ಸುಂದರಿ, ಆಮೇಲೆ ಇಂಗ್ಲೆಂಡಿನ ಮಾರ್ಲ್‌ಬರೋ ಡಚೆಸ್ ಆದವಳು, ಮೂಗು ನೇರ ಮಾಡಿಸೋಕೆ ಪ್ಯಾರಫಿನ್ ಹಾಕಿಸಿಕೊಂಡಳು. ಅದು ಕೆಳಗೆ ಜಾರಿ ಮುಖದ ರೂಪವೇ ಕೆಟ್ಟುಹೋಯ್ತು. ಬೇರೆ ಎಷ್ಟೋ ಜನರಿಗೆ ಗಟ್ಟಿ ಗಂಟುಗಳಾದವು. ಅದನ್ನ ಕರಗಿಸೋ ಔಷಧಿ ಇರಲಿಲ್ಲ, ಕತ್ತರಿಸೋದೊಂದೇ ದಾರಿ.

ಆಮೇಲೆ ದ್ರವ ಸಿಲಿಕೋನ್ ಬಂತು. ಅದೂ ಅದೇ ಹಾದಿ: ಗಂಟು, ಸೋಂಕು, ವಿಕಾರ. ಅಮೆರಿಕದ ನೆವಾಡಾ ರಾಜ್ಯ 1975ರಲ್ಲಿ ಸಿಲಿಕೋನ್ ಚುಚ್ಚೋದನ್ನೇ ಅಪರಾಧ ಮಾಡಿತು. 1981ರಲ್ಲಿ ದನದ ಚರ್ಮದಿಂದ ತೆಗೆದ ಕೊಲಾಜೆನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಕೆಲವರಿಗೆ ಅಲರ್ಜಿ ಆಗ್ತಿತ್ತು, ಮೊದಲು ಕೈ ಮೇಲೆ ಪರೀಕ್ಷೆ ಮಾಡಬೇಕಿತ್ತು.

ಈಗ ಹೆಚ್ಚು ಬಳಕೆಯಲ್ಲಿರೋದು ಹಯಲುರಾನಿಕ್ ಆಮ್ಲ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನ ದನದ ಕಣ್ಣಿನಲ್ಲಿ ಕಂಡುಹಿಡಿದರು. ನಮ್ಮ ಚರ್ಮದಲ್ಲೂ ಇದೆ, ನೀರು ಹಿಡಿದಿಟ್ಟುಕೊಳ್ಳೋ ಒಂಥರಾ ಅಂಟು. ಇದರ ಫಿಲ್ಲರ್‌ಗೆ 2003ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಹಳೇ ಪದಾರ್ಥಗಳಿಗೆ ಇಲ್ಲದ ಒಂದು ಗುಣ ಇದಕ್ಕಿದೆ: ಹಯಲುರೊನಿಡೇಸ್ ಅನ್ನೋ ಕಿಣ್ವ ಚುಚ್ಚಿದರೆ ಕರಗುತ್ತೆ.

ಈ ಕಿಣ್ವ ನಮ್ಮ ಬೆಟ್ಟದ ಕಾಡಿಗೂ ಹೊಸದಲ್ಲ. ನಾಗರಹಾವಿನ ವಿಷದಲ್ಲೂ ಹಯಲುರೊನಿಡೇಸ್ ಇದೆ. ಕಚ್ಚಿದಾಗ ಚರ್ಮದ ಕೆಳಗಿನ ಅಂಟು ಕರಗಿಸಿ, ವಿಷ ಹರಡೋಕೆ ದಾರಿ ಬಿಡಿಸುತ್ತೆ. ಮೈಸೂರು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಕೆ.ಎಸ್. ಗಿರೀಶ್ ಮತ್ತು ಕೆ. ಕೆಂಪರಾಜು 2000ದ ದಶಕದಲ್ಲಿ ನಾಗರಹಾವಿನ ಇದೇ ಕಿಣ್ವದ ಮೇಲೆ ಸಂಶೋಧನೆ ಮಾಡಿದ್ದಾರೆ. ಅದನ್ನ ತಡೆದರೆ ವಿಷ ಹರಡೋದು ನಿಧಾನ ಆಗುತ್ತಾ ಅನ್ನೋದು ಅವರ ಹುಡುಕಾಟ. ವೈದ್ಯರು ಚುಚ್ಚೋ ಔಷಧಿ ಹಾವಿಂದ ಬರೋದಲ್ಲ, ಗಾಬರಿಯಾಗಬೇಡಿ. ಕೆಲಸ ಮಾತ್ರ ಅದೇ: ಅಂಟು ಬಿಡಿಸೋದು.

ಹಾಗಾದರೆ ಅಕ್ಕನಿಗೆ ಕಲೆ ಯಾಕೆ ಉಳಿಯಿತು? ಫಿಲ್ಲರ್ ರಕ್ತನಾಳದೊಳಗೆ ಹೋದರೆ, ಅಥವಾ ಹೊರಗಿಂದ ಒತ್ತಿದರೆ, ಆ ಭಾಗದ ಚರ್ಮಕ್ಕೆ ರಕ್ತ ನಿಲ್ಲುತ್ತೆ. ಚರ್ಮ ಸಾಯೋಕೆ ಶುರುವಾದ ಮೇಲೆ ಕರಗಿಸಿದರೆ, ಸತ್ತದ್ದು ವಾಪಸ್ ಬರಲ್ಲ. ಅವಳಿಗೆ ಔಷಧಿ ಸಿಕ್ಕಿತು, ಆದರೆ ತಡವಾಗಿ.

ಸ್ವಲ್ಪ ಊತ, ಕೆಂಪು, ನೀಲಿಗಟ್ಟೋದು ಸಾಮಾನ್ಯ, ಕೆಲವು ದಿನದಲ್ಲಿ ಇಳಿಯುತ್ತೆ. ವಾರ, ತಿಂಗಳು ಕಳೆದ ಮೇಲೆ ಗಂಟು ಕಂಡರೆ ತೋರಿಸಿ. ಚರ್ಮ ಬಿಳುಚಿದರೆ, ಬಲೆ ಥರ ನೇರಳೆ ಗೆರೆ ಮೂಡಿದರೆ, ನೋವು ಜಾಸ್ತಿಯಾಗ್ತಾ ಹೋದರೆ, ಅವತ್ತೇ, ಆ ಗಂಟೆಯಲ್ಲೇ ವೈದ್ಯರ ಹತ್ತಿರ ಹೋಗಿ. ಕಣ್ಣು ಮಂಜಾದರೆ ಒಂದು ನಿಮಿಷವೂ ಕಾಯಬೇಡಿ, ದೃಷ್ಟಿಯೇ ಹೋಗಬಹುದು.

ಕಾಮರ್ಸ್‌ನೋರು ಸಾಲಕ್ಕೆ ಸಹಿ ಹಾಕೋ ಮುಂಚೆ ತೀರಿಸೋ ದಾರಿ ಕೇಳ್ತೀವಿ. ಇಲ್ಲೂ ಅಷ್ಟೇ. ಹಾಕೋರು ನೋಂದಾಯಿತ ವೈದ್ಯರಾ? ಫಿಲ್ಲರ್ ಹೆಸರೇನು? ಕರಗಿಸೋ ಔಷಧಿ ಇದೇ ರೂಮಲ್ಲಿ ಇದೆಯಾ? ಈ ಮೂರಕ್ಕೆ ಉತ್ತರ ಸಿಗದಿದ್ದರೆ ಎದ್ದು ಬನ್ನಿ. ಹಾಕಿಸಿಕೊಂಡರೆ ಪ್ಯಾಕಿನ ಲೇಬಲ್ ಫೋಟೋ ತೆಗೆದಿಟ್ಟುಕೊಳ್ಳಿ.

ಬೆಟ್ಟ ಇಳಿಯುವಾಗ ಅಕ್ಕನ್ನ ಕೇಳಿದೆ, "ಇದನ್ನೆಲ್ಲ ಪಾಡ್‌ಕಾಸ್ಟಲ್ಲಿ ಹೇಳ್ಲಾ?" ಅಂತ. ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, "ಹೇಳು. ನನ್ನ ಹೆಸರು ಬೇಡ. ಐಸ್ ಇಡಿ ಅಂದಿದ್ದು ಮಾತ್ರ ಬಿಡಬೇಡ."

ಬಿಟ್ಟಿಲ್ಲ ಅಕ್ಕ. ಮುಂದಿನ ಸಂಚಿಕೆಯಲ್ಲಿ ಸಿಗೋಣ ಗೆಳೆಯರೆ.