ಬೀಗ ತೆರೆಸಿದ ಗಣಿತದ ಮೇಷ್ಟ್ರು

ಪ್ರತಿವರ್ಷ ಆಗಸ್ಟ್ 12ರಂದು ನಮ್ಮ ದೇಶದ ಅನೇಕ ಕಾಲೇಜು ಗ್ರಂಥಾಲಯಗಳಲ್ಲಿ ಒಂದು ಪುಟ್ಟ ಸಮಾರಂಭ ನಡೆಯುತ್ತದೆ. ಭಾವಚಿತ್ರವೊಂದಕ್ಕೆ ಹಾರ, ಹೊಸ ಪುಸ್ತಕಗಳ ಪ್ರದರ್ಶನ, ಪ್ರಾಂಶುಪಾಲರ ನಾಲ್ಕು ಮಾತು, ಕೊನೆಗೆ ವಂದನಾರ್ಪಣೆ. ಅಂದು ಗ್ರಂಥಪಾಲಕರ ದಿನ. ಆ ಭಾವಚಿತ್ರದಲ್ಲಿರುವವರು ಶಿಯಾಳಿ ರಾಮಾಮೃತ ರಂಗನಾಥನ್. ಈಗ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಅವರ ವಿಷಯ ನಮ್ಮ ಹುಡುಗರಿಗೆ ತಿಳಿಯುವಂತೆ ಬರೆಯಿರಿ ಸರ್" ಎಂದು ಕೇಳಿದ್ದಾಳೆ. ಅವಳಿಗಾಗಿಯೂ ನಿಮ್ಮೆಲ್ಲರಿಗಾಗಿಯೂ ಈ ಬರಹ.

ರಂಗನಾಥನ್ ಅವರು 1892ರಲ್ಲಿ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಹುಟ್ಟಿದರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತವನ್ನು ಅಭ್ಯಾಸ ಮಾಡಿದರು. ಅವರ ಅಧ್ಯಾಪನ ವೃತ್ತಿ ಆರಂಭವಾದದ್ದು 1917ರಲ್ಲಿ, ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿಂದ ಕೊಯಮತ್ತೂರಿಗೆ, ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ತೊದಲುವಿಕೆಯ ತೊಂದರೆಯಿದ್ದರೂ ಅದನ್ನು ಪ್ರಯತ್ನಪೂರ್ವಕವಾಗಿ ಹತ್ತಿಕ್ಕಿ ಪಾಠ ಹೇಳುತ್ತಿದ್ದರಂತೆ.

1923ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಗ್ರಂಥಪಾಲಕರ ಹುದ್ದೆಯೊಂದನ್ನು ಸೃಷ್ಟಿಸಿತು. ಬಂದ ಅರ್ಜಿಗಳು 900ಕ್ಕೂ ಹೆಚ್ಚು. ಆದರೆ ಗ್ರಂಥಾಲಯದ ಶಿಕ್ಷಣ ಪಡೆದವರು ಅವರಲ್ಲಿ ಒಬ್ಬರೂ ಇರಲಿಲ್ಲ. ರಂಗನಾಥನ್ ಕೂಡ ಅರ್ಜಿ ಹಾಕಿ ಮರೆತುಬಿಟ್ಟಿದ್ದರು. ಸಂದರ್ಶನಕ್ಕೆ ಕರೆ ಬಂದಾಗ ವಿಶ್ವಕೋಶದಲ್ಲಿ ಗ್ರಂಥಾಲಯದ ಬಗೆಗಿದ್ದ ಒಂದು ಲೇಖನವನ್ನು ಓದಿಕೊಂಡು ಹೋದರು. ಅಷ್ಟೇ ಅವರ ಸಿದ್ಧತೆ. 1924ರ ಜನವರಿಯಲ್ಲಿ ಕೆಲಸಕ್ಕೆ ಸೇರಿದರು. ತರಗತಿ ತುಂಬ ಹುಡುಗರನ್ನು ಕಂಡ ಮೇಷ್ಟ್ರಿಗೆ ಆ ನಿರ್ಜನ ಕೊಠಡಿ ಸೆರೆಮನೆಯಂತೆ ತೋರಿತು. ಕೆಲವೇ ವಾರಗಳಲ್ಲಿ "ನನ್ನನ್ನು ಪಾಠಕ್ಕೇ ಹಿಂತಿರುಗಿಸಿ" ಎಂದು ಬೇಡಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಕಲಿತು ಬರಬೇಕು, ಆಗಲೂ ಮನಸ್ಸು ಒಪ್ಪದಿದ್ದರೆ ಉಪನ್ಯಾಸಕ ಹುದ್ದೆ ಕಾದಿರುತ್ತದೆ ಎಂದು ಮೇಲಿನವರು ಹೇಳಿದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಕ್ರಾಯ್ಡನ್ ಊರಿನ ಗ್ರಂಥಪಾಲಕರಾಗಿದ್ದ ಬರ್ವಿಕ್ ಸೇಯರ್ಸ್. ಅವರ ಮಾರ್ಗದರ್ಶನದಲ್ಲಿ ರಂಗನಾಥನ್ ಆ ದೇಶದ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ದೊಡ್ಡ ಅಂಗಡಿಯೊಂದರಲ್ಲಿ ಕಂಡ ಮೆಕಾನೋ ಎಂಬ ಆಟಿಕೆ ಅವರ ಕಣ್ಣು ತೆರೆಸಿತು. ಅದರಲ್ಲಿರುವ ಕೆಲವೇ ತಗಡಿನ ಪಟ್ಟಿಗಳನ್ನು ತಿರುಪಿನಿಂದ ಬೇರೆ ಬೇರೆ ರೀತಿ ಜೋಡಿಸಿದರೆ ಬೇರೆ ಬೇರೆ ಯಂತ್ರಗಳು ರೂಪುಗೊಳ್ಳುತ್ತವೆ. ವಿಷಯಗಳನ್ನೂ ಹೀಗೆಯೇ ಬಿಡಿಸಿ ಜೋಡಿಸಬಾರದೇಕೆ? ಭತ್ತಕ್ಕೆ ತಗಲುವ ರೋಗದ ಪುಸ್ತಕವೊಂದಿದೆ ಎನ್ನಿ. ಕೃಷಿ, ಭತ್ತ, ರೋಗ ಎಂಬ ಮೂರು ಮುಖಗಳನ್ನು ಬೇರ್ಪಡಿಸಿ, ಒಂದೊಂದಕ್ಕೂ ಸಂಕೇತ ಕೊಟ್ಟು ಕೂಡಿಸಿದರೆ ಆ ಪುಸ್ತಕದ ಸ್ಥಾನ ನಿಶ್ಚಯವಾಗುತ್ತದೆ. 1933ರಲ್ಲಿ ಪ್ರಕಟವಾದ ಅವರ 'ಕೋಲನ್ ವರ್ಗೀಕರಣ'ದ ತಿರುಳು ಇದೇ. ಗಣಿತದ ಮೇಷ್ಟ್ರ ಬುದ್ಧಿ ವ್ಯರ್ಥವಾಗಲಿಲ್ಲ.

1925ರಲ್ಲಿ ಮರಳಿದ ರಂಗನಾಥನ್ ಮತ್ತೆ ಪಾಠದ ಹುದ್ದೆ ಕೇಳಲಿಲ್ಲ. ಓದುಗರು ತಾವೇ ಕಪಾಟಿನ ಬಳಿ ಹೋಗಿ ಪುಸ್ತಕ ಮುಟ್ಟಿ ನೋಡುವ ಏರ್ಪಾಡು ಮಾಡಿದರು. ಇಂದು ಇದು ಅತಿ ಸಾಮಾನ್ಯವೆನಿಸಬಹುದು, ಅಂದು ಹಾಗಿರಲಿಲ್ಲ. ಮಧ್ಯಯುಗದ ಯೂರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಮೇಜಿಗೆ ಬಿಗಿಯುತ್ತಿದ್ದರು. ನಮ್ಮಲ್ಲಿ ಸರಪಳಿಯ ಬದಲಿಗೆ ಗಾಜಿನ ಬೀರು, ಅದಕ್ಕೊಂದು ಬೀಗ. 1931ರಲ್ಲಿ ಹೊರಬಂದ ಅವರ ಐದು ಸೂತ್ರಗಳ ಗ್ರಂಥವು ಈ ಬೀಗದ ವಿರುದ್ಧ ಹೂಡಿದ ವಾದವೇ ಆಗಿದೆ. ಪುಸ್ತಕವಿರುವುದು ಬಳಕೆಗಾಗಿ ಎಂಬುದು ಅದರ ಬುನಾದಿ. ಯಾವ ಓದುಗನೂ ಬರಿಗೈಯಲ್ಲಿ ಮರಳಬಾರದು, ಯಾವ ಪುಸ್ತಕವೂ ಓದುಗನಿಲ್ಲದೆ ಕೊಳೆಯಬಾರದು, ಬಂದವರ ಹೊತ್ತು ಹಾಳಾಗಬಾರದು, ಗ್ರಂಥಾಲಯವು ಬೆಳೆಯುತ್ತಲೇ ಇರುವ ಜೀವಿಯೆಂದು ತಿಳಿಯಬೇಕು ಎಂಬುವು ಉಳಿದ ನಾಲ್ಕರ ತಾತ್ಪರ್ಯ. ಮೊದಲ ಸೂತ್ರವನ್ನು ಅವರಿಗೆ ಹೊಳೆಯಿಸಿದವರು ಅವರ ಗಣಿತದ ಗುರು ಎಡ್ವರ್ಡ್ ರಾಸ್ ಎಂಬುದು ಶಿಕ್ಷಕರಾದ ನಮಗೆ ಹೆಮ್ಮೆಯ ಸಂಗತಿ.

ಬೀಗ ಹಾಕಿದವರೆಲ್ಲ ದುಷ್ಟರೆಂದು ನಾನು ಹೇಳಲಾರೆ. ನಾನು ಓದಿದ ಕಾಲೇಜಿನಲ್ಲಿ ಬೀರುಗಳ ಬೀಗದ ಕೈಗೊಂಚಲು ಗ್ರಂಥಪಾಲಕರ ಸೊಂಟದಲ್ಲಿಯೇ ಇರುತ್ತಿತ್ತು. ಚೀಟಿ ಬರೆದು ಕೊಟ್ಟರೆ ಮರುದಿನ ಪುಸ್ತಕ. ಅನೇಕ ವೇಳೆ "ಇಲ್ಲ" ಎಂಬ ಉತ್ತರ. ನಮಗೆ ಅವರ ಮೇಲೆ ಕೋಪ. ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆಯಲ್ಲಿ ಕಾಣೆಯಾದ ಪುಸ್ತಕಗಳ ಬೆಲೆಯನ್ನು ಅವರ ಸಂಬಳದಿಂದ ಹಿಡಿಯುತ್ತಿದ್ದರೆಂಬುದು ಬಹಳ ಕಾಲದ ಮೇಲೆ ತಿಳಿಯಿತು. ಪುಸ್ತಕ ಓದಿಸಿದವನಿಗೆ ದಂಡ, ಓದಿಸದವನಿಗೆ ನೆಮ್ಮದಿ ಎಂಬ ನಿಯಮವಿರುವ ಕಡೆ ಕಪಾಟು ತೆರೆದಿಡುವ ಧೈರ್ಯ ಯಾರಿಗಿದ್ದೀತು? ಹತ್ತು ಪುಸ್ತಕ ಕಳೆಯುವ ಭಯದಿಂದ ಹತ್ತು ಸಾವಿರ ಪುಸ್ತಕಗಳನ್ನು ಮುಚ್ಚಿಡುವುದು ಎಷ್ಟು ದೊಡ್ಡ ನಷ್ಟವೆಂಬ ಲೆಕ್ಕವನ್ನು ತಪಾಸಣೆಯವರು ಹಾಕಲಿಲ್ಲ. ರಂಗನಾಥನ್ ಹಾಕಿದರು.

ಅವರ ಉತ್ತರಾರ್ಧದ ಬದುಕು ಕನ್ನಡ ನಾಡಿಗೆ ಸಂದಿತು. ಕಾಶಿ, ದೆಹಲಿ, ಜ್ಯೂರಿಕ್‌ಗಳಲ್ಲಿ ಕೆಲಸ ಮಾಡಿ ಬೆಂಗಳೂರಿನಲ್ಲಿ ನೆಲೆಸಿದರು. ಜೀವಮಾನದ ಉಳಿತಾಯದಲ್ಲಿ ಒಂದು ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟು, ಪತ್ನಿ ಶಾರದಾ ಅವರ ಹೆಸರನ್ನೂ ಸೇರಿಸಿ ಪ್ರಾಧ್ಯಾಪಕ ಪೀಠ ಸ್ಥಾಪಿಸಿದರು. 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. 1965ರಲ್ಲಿ ನಮ್ಮ ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದುದರ ಹಿಂದೆಯೂ ಅವರ ಪ್ರೇರಣೆಯಿತ್ತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ಕಣ್ಣುಮುಚ್ಚಿದರು.

ಈಗ ಬಹುತೇಕ ಕಾಲೇಜುಗಳಲ್ಲಿ ಬೀರು ತೆರೆದಿದೆ, ಗಣಕಯಂತ್ರದಲ್ಲಿ ಪಟ್ಟಿಯಿದೆ. ಆದರೆ ಪರೀಕ್ಷೆಯ ಗೈಡುಗಳ ಕಪಾಟಿನಾಚೆಗೆ ಕಾಲಿಡದ ಹುಡುಗರನ್ನು ಕಂಡಾಗ, ಈ ಬಾರಿ ಬೀಗ ಬೇರೆಲ್ಲೋ ಬಿದ್ದಿದೆ ಎನಿಸುತ್ತದೆ. ಅದನ್ನು ತೆರೆಯುವುದು ಗ್ರಂಥಪಾಲಕರೊಬ್ಬರಿಂದ ಆಗುವ ಕೆಲಸವಲ್ಲ. ಪಾಠ ಹೇಳುವವರೂ ಕೈಜೋಡಿಸಬೇಕು. ನನ್ನ ಶಿಷ್ಯರಲ್ಲಿ ಮೇಷ್ಟ್ರಾದವರು ಹಲವರಿದ್ದೀರಿ. ವಾರಕ್ಕೊಂದು ಅವಧಿಯಾದರೂ ಹುಡುಗರನ್ನು ಕಪಾಟುಗಳ ನಡುವೆ ಬಿಟ್ಟು, ಅವರಿಗೆ ಬೇಕಾದ ಪುಸ್ತಕವನ್ನು ಅವರೇ ಹುಡುಕಿಕೊಳ್ಳಲಿ ಎಂದು ಸುಮ್ಮನೆ ನಿಂತು ನೋಡಿರಿ.